ಉರ್ವದ ದಾರಿಯಲ್ಲಿ ಒಂದು ನೋಟುಪುಸ್ತಕ

ಮಂಗಳೂರಿಗೆ ಬಂದು ಹತ್ತು ವರ್ಷಗಳಾದರೂ ಉರ್ವವೇ ಬೇರೆ, ಉರ್ವ ಸ್ಟೋರೇ ಬೇರೆ ಎಂಬ ಸಂಗತಿ ನನಗೆ ತಿಳಿದಿರಲಿಲ್ಲವೆಂದರೆ, ಈ ಊರಿನ ವಾಚಕರು ನಗದೆ ಇರಲಾರರು. ನಾನು ಘಟ್ಟದ ಮೇಲಿನವನು. ಕಾಲೇಜು, ಗ್ರಂಥಾಲಯ, ಬಾಡಿಗೆಯ ಮನೆ, ಈ ಮೂರರ ನಡುವೆಯೇ ನನ್ನ ಮಂಗಳೂರು ಮುಗಿದುಹೋಗಿದ್ದಿತು. ಕಳೆದ ತಿಂಗಳ ಒಂದು ಭಾನುವಾರ ಸ್ಟೇಟ್ ಬ್ಯಾಂಕಿನ ಬಳಿ ಸಿಟಿ ಬಸ್ಸು ಹತ್ತಿ, ಉರ್ವಕ್ಕೆ ಒಂದು ಟಿಕೇಟು ಕೇಳಿದೆ. "ಉರ್ವವಾ, ಉರ್ವ ಸ್ಟೋರಾ?" ಎಂದು ಕಂಡಕ್ಟರು ವಿಚಾರಿಸಿದ. ಎರಡೂ ಒಂದೇ ಇದ್ದೀತೆಂದು ಬಗೆದು, ವಿದ್ಯಾವಂತನ ಗಾಂಭೀರ್ಯದಿಂದ, "ಯಾವುದಾದರೂ ಆಗಬಹುದು" ಎಂದುಬಿಟ್ಟೆ. ಆತ ನನ್ನ ಮುಖವನ್ನೊಮ್ಮೆ ಕರುಣೆಯಿಂದ ನೋಡಿ, ಸೀಟಿಯೂದಿ, "ರೈಟ್ ಪೋಯಿ!" ಎಂದು ಕೂಗಿ ಮುಂದೆ ಸರಿದ.

ಬಸ್ಸು ಲಾಲ್‌ಬಾಗನ್ನು ದಾಟಿತು. ಈಗ ನಾರಾಯಣ ಗುರು ವೃತ್ತವೆಂದು ಹೆಸರಾಗಿರುವ ಲೇಡಿಹಿಲ್ಲನ್ನೂ ಅದರಾಚೆಯ ಚಿಲಿಂಬಿಯನ್ನೂ ಹಿಂದಿಕ್ಕಿ, ನನ್ನನ್ನು ಉರ್ವ ಸ್ಟೋರಿನಲ್ಲಿ ಇಳಿಸಿ ಕೊಟ್ಟಾರ ಚೌಕಿಯ ಕಡೆಗೆ ಹೊರಟುಹೋಯಿತು. ರಸ್ತೆಯ ಬದಿಯ ಅಂಗಡಿಯವರಲ್ಲಿ ಮನೆಯ ಗುರುತು ಹೇಳಿದಾಗ, "ಅಯ್ಯೋ, ಮಾರ್ಕೆಟ್ಟಿನ ಹತ್ತಿರವಾ? ನೀವು ಮುಂದೆ ಬಂದಿರಲ್ಲ ಸರ್! ಲೇಡಿಹಿಲ್ಲಿನಲ್ಲಿ ಇಳಿಯಬೇಕಿತ್ತು" ಎಂದರು.

ತಪ್ಪಿಳಿದುದರಿಂದ ನಷ್ಟವಾಗಲಿಲ್ಲ. ಉರ್ವ ಸ್ಟೋರಿನಲ್ಲಿಯೇ ಕರ್ನಾಟಕ ತುಳು ಸಾಹಿತ್ಯ ಅಕಾಡೆಮಿಯ ತುಳು ಭವನವಿದೆ. 1994ರಲ್ಲಿ ಸ್ಥಾಪಿತವಾದ ಈ ಅಕಾಡೆಮಿಯ ಹೆಸರನ್ನು ಪತ್ರಿಕೆಗಳಲ್ಲಿ ಓದಿದ್ದೆನೇ ಹೊರತು ಕಟ್ಟಡವನ್ನು ಕಂಡಿರಲಿಲ್ಲ. ಅದರ ಮುಂದೆ ನಿಂತು ನಾನು ಯೋಚಿಸಿದೆ: ಈ ಸೀಮೆಯ ಮಗು ತಾಯಿಯೊಡನೆ ತುಳುವನ್ನೋ ಕೊಂಕಣಿಯನ್ನೋ ಬ್ಯಾರಿಯನ್ನೋ ಆಡುತ್ತದೆ, ಕನ್ನಡವನ್ನು ಓದಿ ಕಲಿಯುತ್ತದೆ, ಇಂಗ್ಲಿಷಿನಲ್ಲಿ ಪರೀಕ್ಷೆ ಬರೆಯುತ್ತದೆ. ವಾಚಕರು ಈ ಮಾತನ್ನು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಇದರ ಪ್ರಯೋಜನ ಬೀಳುತ್ತದೆ.

ಇನ್ನು ನಾನು ಉರ್ವಕ್ಕೆ ಹೋದ ಕಾರಣವನ್ನು ಹೇಳಬೇಕು. ನನ್ನ ಚೀಲದಲ್ಲಿ ಒಂದು ಹಳೆಯ ನೋಟುಪುಸ್ತಕವಿದ್ದಿತು. ಎಂಟು ವರ್ಷಗಳ ಹಿಂದೆ ಪದವಿ ತರಗತಿಯಲ್ಲಿ ಕುಮಾರವ್ಯಾಸನ ಉತ್ತರಕುಮಾರನ ಪ್ರಸಂಗವನ್ನು ಪಾಠ ಹೇಳುತ್ತಿದ್ದಾಗ, ಹಿಂದಿನ ಬೆಂಚಿನ ಹುಡುಗಿಯೊಬ್ಬಳು ತಲೆಯೆತ್ತದೆ ಏನನ್ನೋ ಗೀಚುತ್ತಿದ್ದಳು. ಹೋಗಿ ಪುಸ್ತಕವನ್ನು ಕಸಿದು ನೋಡಿದರೆ, ರಥದಿಂದ ಕೆಳಗೆ ಹಾರಿ ಓಡುತ್ತಿರುವ ಉತ್ತರಕುಮಾರನ ಚಿತ್ರ! ಕಿರೀಟ ಅವನದು, ಮೂಗು ಮತ್ತು ಕನ್ನಡಕ ಮಾತ್ರ ನಿಸ್ಸಂದೇಹವಾಗಿ ನನ್ನವು. ನಾನು ಆಗ ಹೊಸಬ. ಹೊಸ ಅಧ್ಯಾಪಕನಿಗೆ ಕೋಪವೊಂದೇ ಆಯುಧ. "ಕಾವ್ಯದ ತರಗತಿಯಲ್ಲಿ ಚಿತ್ರಗಾರಿಕೆ ಸಲ್ಲದು" ಎಂದು ಕೆಂಪು ಶಾಯಿಯಲ್ಲಿ ಬರೆದು, ಪುಸ್ತಕವನ್ನು ಬೀರುವಿನಲ್ಲಿಟ್ಟೆ. ಆಕೆ ಕೇಳಲಿಲ್ಲ, ನಾನು ಕೊಡಲಿಲ್ಲ. ಪದವಿ ಮುಗಿಸಿ ಆಕೆ ಹೊರಟೂ ಹೋದಳು.

ಈಚೆಗೆ ಮನೆ ಬದಲಿಸುವಾಗ ಆ ಪುಸ್ತಕ ಕೈಗೆ ಸಿಕ್ಕಿತು. ನೆಲದ ಮೇಲೆ ಕುಳಿತು ಪುಟಗಳನ್ನು ಮಗುಚಿದೆ. ನನ್ನ ಪಾಠದ ಟಿಪ್ಪಣಿಗಳೆಲ್ಲ ಚಿತ್ರಗಳ ಸುತ್ತ ಬಳ್ಳಿಯಂತೆ ಬಾಗಿ ಬರೆಯಲ್ಪಟ್ಟಿದ್ದವು. ಅಂಚುಗಳಲ್ಲೆಲ್ಲ ಒಂದು ಕಾಗೆ ಕುಳಿತು ಪಾಠವನ್ನು ಅಣಕಿಸುತ್ತಿದ್ದಿತು. ಮಾತಿನಲ್ಲಿ ಶೂರ, ರಣದಲ್ಲಿ ಭೀರು ಎಂಬುದನ್ನು ವಿವರಿಸಲು ನಾನು ಒಂದು ಗಂಟೆ ಬಳಸಿದ್ದೆ; ಆಕೆ ಅದನ್ನು ಒಂದು ಚಿತ್ರದಲ್ಲಿ ಹೇಳಿದ್ದಳು. ಅದೇ ವಾರ ನನ್ನ ತರಗತಿಯ ಹುಡುಗರು ಮೊಬೈಲಿನಲ್ಲಿ ಏನನ್ನೋ ನೋಡಿ ನಗುತ್ತಿದ್ದರು. ಇಣುಕಿದೆ. ನಾಲ್ಕು ಚೌಕಗಳ ಒಂದು ಚಿತ್ರಕಥೆ. ಅದರಲ್ಲಿ ಮೀನು ಮಾರುವ ಒಬ್ಬ ಹೆಂಗಸು, ಮತ್ತು ಅದೇ ಕಾಗೆ! ಹುಡುಗರಿಂದ ವಿವರ ತಿಳಿದು, ಸಂಕೋಚದಿಂದಲೇ ಒಂದು ಸಂದೇಶ ಕಳುಹಿಸಿದೆ. "ಬನ್ನಿ ಸರ್, ಮನೆ ಉರ್ವದಲ್ಲಿ" ಎಂದು ಉತ್ತರ ಬಂದಿತು.

ಚಿಲಿಂಬಿಯ ಇಳಿಜಾರಿನಲ್ಲಿ ಹಿಂದಕ್ಕೆ ನಡೆದು, ಲೇಡಿಹಿಲ್ಲಿನಲ್ಲಿ ಬಲಕ್ಕೆ ಹೊರಳಿ ಉರ್ವ ಮಾರ್ಕೆಟ್ಟನ್ನು ಸೇರಿದೆ. ಹೆದ್ದಾರಿಯ ಗದ್ದಲಕ್ಕೂ ಈ ರಸ್ತೆಗೂ ಅಜಗಜಾಂತರ. ಎತ್ತರದ ವಸತಿ ಸಮುಚ್ಚಯಗಳ ನಡುನಡುವೆ ಇನ್ನೂ ಕೆಲವು ಹಂಚಿನ ಮನೆಗಳು, ಮುರಕಲ್ಲಿನ ಆವರಣಗೋಡೆಗಳು, ಗೋಡೆಯಾಚೆಗೆ ಬಾಗಿದ ತೆಂಗುಗಳು. ಬಂಗುಡೆ, ಬೂತಾಯಿಗಳ ಬುಟ್ಟಿಗಳ ಮುಂದೆ ಭಾನುವಾರದ ಜನ. ಮಾರುವವರು ತುಳುವಿನಲ್ಲಿ ಬೆಲೆ ಹೇಳಿದರೆ, ಕೊಳ್ಳುವವರು ಕೊಂಕಣಿಯಲ್ಲಿಯೋ ಕನ್ನಡದಲ್ಲಿಯೋ ಹಿಂದಿಯಲ್ಲಿಯೋ ಕೊಸರುತ್ತಾರೆ. ವ್ಯಾಪಾರ ಮಾತ್ರ ನಿಲ್ಲುವುದಿಲ್ಲ. ಮೇಲೆ ತಂತಿಯ ಮೇಲೆ ಕಾಗೆಗಳ ಸಾಲು. ಚಿತ್ರದಲ್ಲಿ ಕಂಡ ಕಾಗೆ ಇವುಗಳಲ್ಲಿ ಯಾವುದಿರಬಹುದೆಂದು ಒಂದು ಕ್ಷಣ ಹುಡುಕಿದೆ. ಮಾರಿಗುಡಿಯ ಕಡೆಗೆ ಸಾಗುವ ದಾರಿಯಲ್ಲಿ ಒಂದು ಓಣಿ. ಓಣಿಯ ಕೊನೆಯಲ್ಲಿ ಆ ಮನೆ.

ಬಾಗಿಲು ತೆರೆದವರು ತಾಯಿ. "ಬನ್ನಿ ಸರ್, ಕೂತುಕೊಳ್ಳಿ. ಬಿಸಿಲಿನಲ್ಲಿ ನಡೆದು ಬಂದಿರಾ? ಬಾಯಾರಿಕೆಗೆ ಎಂತ ಕೊಡಲಿ?" ಎಂದರು. ನಾನು ಉರ್ವ ಸ್ಟೋರಿನ ಕಥೆಯನ್ನು ಹೇಳಿದೆ. ಒಳಗಿನಿಂದ ಕಿಸಕ್ಕನೆ ನಗು ಕೇಳಿಸಿತು. ಎಂಟು ವರ್ಷಗಳ ಹಿಂದೆ ತಲೆತಗ್ಗಿಸಿ ಗೀಚುತ್ತಿದ್ದ ಹುಡುಗಿ ಈಗ ಇಪ್ಪತ್ತಾರರ ತರುಣಿ. ಹಗಲು ಒಂದು ಕಚೇರಿಯಲ್ಲಿ ಲೆಕ್ಕಪತ್ರದ ಕೆಲಸ. ರಾತ್ರಿ ಈ ಚಿತ್ರಕಥೆ. ವಾರಕ್ಕೊಂದರಂತೆ ಬಿಡದೆ ಎರಡು ವರ್ಷಗಳಿಂದ ಬರೆಯುತ್ತಿದ್ದಾಳೆ.

ಆಕೆಯ ಮೇಜಿನ ಮೇಲೆ ಕಾಗದವಿಲ್ಲ, ಕುಂಚವಿಲ್ಲ, ಮಸಿಕುಡಿಕೆಯೂ ಇಲ್ಲ. ಬಾಲ್ಯದಲ್ಲಿ ನಾವು ಹಿಡಿದ ಸ್ಲೇಟಿನ ಗಾತ್ರದ ಒಂದು ಗಾಜಿನ ಹಲಗೆ, ಅದಕ್ಕೊಂದು ಬಿಳಿಯ ಲೇಖನಿ, ಇಷ್ಟೇ. ಹಲಗೆಯ ಮೇಲೆ ಎಳೆದ ಗೆರೆ ಅಲ್ಲಿಂದಲೇ ಅಂತರಜಾಲವನ್ನು ಸೇರಿ, ಓದುಗನ ಅಂಗೈಯನ್ನು ಮುಟ್ಟುತ್ತದೆ. ನಡುವೆ ಸಂಪಾದಕರಿಲ್ಲ, ಮುದ್ರಣಾಲಯವಿಲ್ಲ, ಅಂಚೆಯಿಲ್ಲ. ಇದಕ್ಕೆ ವೆಬ್ ಕಾಮಿಕ್ ಎಂದು ಹೆಸರು. ಜಾಲಚಿತ್ರಕಥೆ ಎಂದು ಕರೆದರೆ ತಪ್ಪಾಗದು.

"ಇದು ಯಾವಾಗ ಹುಟ್ಟಿತು?" ಎಂದು ಕೇಳಿದೆ. ಪಾಠ ಹೇಳುವ ಸರದಿ ಈಗ ಆಕೆಯದು. ಡೇವಿಡ್ ಫಾರ್ಲಿ ಎಂಬ ಅಮೆರಿಕದವನ 'ಡಾಕ್ಟರ್ ಫನ್' 1993ರಲ್ಲಿಯೇ ಜಾಲದಲ್ಲಿ ಕಾಣಿಸಿಕೊಂಡಿತಂತೆ. ಈ ಬಗೆಯ ಮೊದಲಿಗರಲ್ಲಿ ಅದೊಂದು. 2000ದಲ್ಲಿ ಸ್ಕಾಟ್ ಮೆಕ್‌ಕ್ಲೌಡ್ ಎಂಬ ಚಿತ್ರಕಾರ ಒಂದು ಪುಸ್ತಕ ಬರೆದು, ಗಣಕದ ಪರದೆಗೆ ಪುಟದ ಹಂಗಿಲ್ಲ, ಅದು ಕೊನೆಯಿಲ್ಲದ ಹಾಳೆ ಎಂದು ವಾದಿಸಿದ. ಆ ಮಾತನ್ನು ಕೊರಿಯದವರು ಕಾರ್ಯದಲ್ಲಿ ತೋರಿದರು. 2004ರಲ್ಲಿ ಅಲ್ಲಿನ ನೇವರ್ ಸಂಸ್ಥೆ ಆರಂಭಿಸಿದ ವೆಬ್‌ಟೂನಿನಲ್ಲಿ ಚಿತ್ರಗಳು ಅಕ್ಕಪಕ್ಕ ಕೂರುವುದಿಲ್ಲ. ಒಂದರ ಕೆಳಗೊಂದು ಇಳಿಯುತ್ತವೆ. ಹೆಬ್ಬೆರಳಿನಿಂದ ಸರಿಸುತ್ತ ಹೋದರೆ, ಹಿಂದಿನ ಕಾಲದ ಜಾತಕದ ಸುರುಳಿಯನ್ನು ಬಿಚ್ಚಿದಂತೆ ಕಥೆ ಬಿಚ್ಚಿಕೊಳ್ಳುತ್ತದೆ.

ನಮ್ಮ ನಾಡಿನ ವರ್ತಮಾನವನ್ನೂ ಆಕೆ ಹೇಳಿದಳು. ಬೆಂಗಳೂರಿನ ರಚಿತಾ ತನೇಜಾ 2014ರಿಂದ ಕಡ್ಡಿಗೆರೆಯ ಮನುಷ್ಯರನ್ನಷ್ಟೇ ಬರೆದು 'ಸ್ಯಾನಿಟರಿ ಪ್ಯಾನಲ್ಸ್' ಎಂಬ ಚಿತ್ರಮಾಲೆಯನ್ನು ನಡೆಸುತ್ತ ಬಂದವರು. ಸುಪ್ರೀಂ ಕೋರ್ಟನ್ನು ಕುರಿತ ಚಿತ್ರಗಳಿಗಾಗಿ ಅವರ ಮೇಲೆ ನ್ಯಾಯಾಂಗ ನಿಂದನೆಯ ಕ್ರಮಕ್ಕೆ 2020ರಲ್ಲಿ ಅಟಾರ್ನಿ ಜನರಲ್ ಸಮ್ಮತಿ ಕೊಟ್ಟರು. 2024ರಲ್ಲಿ ಕೋಫಿ ಅನ್ನಾನ್ ಹೆಸರಿನ ಅಂತರರಾಷ್ಟ್ರೀಯ ವ್ಯಂಗ್ಯಚಿತ್ರ ಪ್ರಶಸ್ತಿ ಹಾಂಗ್‌ಕಾಂಗಿನ ಜುನ್ಜಿಯವರೊಡನೆ ಅವರಿಗೆ ದೊರೆಯಿತು. ಕಡ್ಡಿಗೆರೆಗೂ ಎಷ್ಟು ತೂಕವಿರಬಹುದೆಂಬುದಕ್ಕೆ ಇದು ಸಾಕ್ಷಿ. ನಮ್ಮ ಕರಾವಳಿಯವರೇ ಆದ ಕುಂದಾಪುರದ ಸತೀಶ್ ಆಚಾರ್ಯರ ಸಂಗತಿ ಇನ್ನೂ ಹತ್ತಿರದ್ದು. ಚೀನ ದೇಶವನ್ನು ಕುರಿತ ಅವರ ಒಂದು ಚಿತ್ರವನ್ನು 2018ರಲ್ಲಿ ದಿಲ್ಲಿಯ ಪತ್ರಿಕೆಯೊಂದು ಅಚ್ಚುಹಾಕಲೊಲ್ಲದೆ ಹೋದಾಗ, ಅವರು ಅದನ್ನು ಜಾಲದಲ್ಲಿ ಪ್ರಕಟಿಸಿದರು. ಪತ್ರಿಕೆಯ ನಂಟು ಕಡಿಯಿತು; ಚಿತ್ರ ಮಾತ್ರ ದೇಶವನ್ನೆಲ್ಲ ಸುತ್ತಿತು. ಕುಂದಾಪುರದಲ್ಲಿ ಅವರೂ ಗೆಳೆಯರೂ ನಡೆಸಿದ ಕಾರ್ಟೂನು ಹಬ್ಬಕ್ಕೆ ಹೋಗಿಬಂದ ದಿನವೇ ತಾನು ಮತ್ತೆ ಲೇಖನಿ ಹಿಡಿದುದಾಗಿ ಆಕೆ ಹೇಳಿದಳು.

"ಮತ್ತೆ" ಎಂಬ ಮಾತು ನನ್ನನ್ನು ಚುಚ್ಚಿತು. ನಡುವೆ ಎಷ್ಟು ಕಾಲ ಬಿಟ್ಟಿದ್ದಳೆಂದು ನಾನು ಕೇಳಲಿಲ್ಲ, ಆಕೆಯೂ ಹೇಳಲಿಲ್ಲ.

ಆಮೇಲೆ ಆ ವಾರದ ಕಥೆಯನ್ನು ತೋರಿಸಿದಳು. ಮೊದಲ ಚೌಕದಲ್ಲಿ ಮೀನಿನವಳು ತೂಕಡಿಸುತ್ತಿದ್ದಾಳೆ. ಎರಡನೆಯದರಲ್ಲಿ ಕಾಗೆ ಬುಟ್ಟಿಯ ಹತ್ತಿರ ಬಂದು, ನಡುಮಧ್ಯಾಹ್ನದಲ್ಲಿ, ಶುಭೋದಯ ಹೇಳುತ್ತದೆ. ಮೂರನೆಯದರಲ್ಲಿ ಆಕೆ ಒಂದು ಕಣ್ಣು ತೆರೆದು, "ಎಂತ ಮಾರಾಯಾ, ಹೊತ್ತುಗೊತ್ತು ಉಂಟಾ ಇಲ್ವಾ ನಿಂಗೆ?" ಎಂದು ಗದರಿಸುತ್ತಾಳೆ. ಕೊನೆಯದರಲ್ಲಿ ಪಕ್ಕದ ಮರದಿಂದ ತೆಂಗಿನಕಾಯಿ ಬಿದ್ದು, ಕಾಗೆಯ ಗರಿಗಳಷ್ಟೇ ಗಾಳಿಯಲ್ಲಿ ಉಳಿದಿವೆ.

ಹುಟ್ಟುಗುಣ ಸುಟ್ಟರೂ ಹೋಗದು. ನಾನು ಕೂಡಲೇ, "'ಉಂಟಾ ಇಲ್ವಾ' ಎಂಬುದು ಶಿಷ್ಟರೂಪವಲ್ಲ. 'ನಿನಗೆ ಕಾಲಪ್ರಜ್ಞೆಯೆಂಬುದು ಇದೆಯೋ ಇಲ್ಲವೋ' ಎಂದು ತಿದ್ದಬಹುದು" ಎಂದೆ. ಆಕೆ ಮರುಮಾತಾಡದೆ, ನಾನು ಹೇಳಿದಂತೆಯೇ ಬರೆದು ತೋರಿಸಿದಳು. ಮಾತಿನ ಗುಳ್ಳೆ ಚೌಕವನ್ನೆಲ್ಲ ನುಂಗಿತು. ಕಾಗೆಗೆ ನಿಲ್ಲಲು ತಾವಿಲ್ಲದಾಯಿತು. ಅದಕ್ಕಿಂತ ಹೆಚ್ಚಾಗಿ, ಮೀನಿನವಳು ಮಾಯವಾಗಿ ಆ ಬುಟ್ಟಿಯ ಮುಂದೆ ಕಾಲೇಜಿನ ಅಧ್ಯಾಪಕನೊಬ್ಬ ಬಂದು ಕುಳಿತಂತಾಯಿತು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ತಾಯಿ ಸೆರಗನ್ನು ಬಾಯಿಗೆ ಅಡ್ಡಹಿಡಿದು ನಕ್ಕರು. ನಾನೂ ನಕ್ಕೆ. ಹಳೆಯ ಮಾತೇ ಮರಳಿ ಬಂದಿತು.

ಆದರೆ ನನ್ನ ವಿದ್ಯೆಯೂ ಪೂರ್ತಿ ವ್ಯರ್ಥವಾಗಲಿಲ್ಲ. ತೆಂಗಿನಕಾಯಿಯ ಪಕ್ಕದಲ್ಲಿ ಆಕೆ ದಪ್ಪಕ್ಷರಗಳಲ್ಲಿ "ಬೂಮ್" ಎಂದು ಬರೆದಿದ್ದಳು. "ನಮ್ಮ ತೆಂಗಿನಕಾಯಿ ಇಂಗ್ಲಿಷಿನಲ್ಲಿ ಬೀಳುತ್ತದೆಯೇ?" ಎಂದೆ. ತಾಯಿ ಒಳಗಿನಿಂದಲೇ, "ದೊಪ್ಪ ಅಂತ ಬೀಳುವುದಲ್ಲವಾ?" ಎಂದರು. ಸದ್ದನ್ನು ಅನುಕರಿಸುವ ಇಂಥ ಪದಗಳಿಗೆ ನಮ್ಮ ವ್ಯಾಕರಣದಲ್ಲಿ ಅನುಕರಣಾವ್ಯಯವೆಂದು ಹೆಸರು. ಧೊಪ್ಪನೆ, ಸರ್ರನೆ, ಚಟಚಟ, ಗಡಗಡ, ಜುಳುಜುಳು, ಪಟಪಟ, ಹೀಗೆ ಕನ್ನಡದಲ್ಲಿ ಅವುಗಳ ದೊಡ್ಡ ಭಂಡಾರವೇ ಇದೆ. ಪರೀಕ್ಷೆಯಲ್ಲಿ ಎರಡು ಅಂಕಗಳ ಪ್ರಶ್ನೆಯಾಗಿ ಸೊರಗಿದ್ದ ಈ ಅವ್ಯಯಗಳಿಗೆ ಇಂಥ ಉದ್ಯೋಗ ಕಾದಿರುವುದೆಂದು ನಾನು ಕನಸಿನಲ್ಲಿಯೂ ಎಣಿಸಿರಲಿಲ್ಲ. ನಾನು ಹೇಳುತ್ತ ಹೋದೆ. ಆಕೆ ಬರೆದುಕೊಳ್ಳುತ್ತ ಹೋದಳು. ಈ ಸಲ ಇಬ್ಬರೂ ಒಂದೇ ಪಾಠದಲ್ಲಿದ್ದೆವು.

ಅಕ್ಷರಗಳನ್ನು ಆಕೆ ಕೀಲಿಮಣೆಯಿಂದ ಒತ್ತುವುದಿಲ್ಲ, ಕೈಯಿಂದಲೇ ಬರೆಯುತ್ತಾಳೆ. ಕಾರಣ ಕೇಳಿದೆ. ಕರಾವಳಿಯವರು ಕನ್ನಡವನ್ನು ಗಣಕಕ್ಕೆ ಕಲಿಸಿದ ಕಥೆ ದೊಡ್ಡದು. ಮಂಗಳೂರಿನ ಬಳಿಯ ಕಿನ್ನಿಕಂಬಳದ ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯ ವಿನ್ಯಾಸದಿಂದಲೇ ಕನ್ನಡದ ಬೆರಳಚ್ಚು ಸರಳವಾಯಿತು, ಯು.ಬಿ. ಪವನಜ ಅವರು 1996ರಷ್ಟು ಹಿಂದೆಯೇ 'ವಿಶ್ವ ಕನ್ನಡ'ವೆಂಬ ಅಂತರಜಾಲ ಪತ್ರಿಕೆಯನ್ನು ಹೊರತಂದರು. ಹಾಗಿದ್ದರೂ ಚಿತ್ರ ಬರೆಯುವ ಕೆಲವು ತಂತ್ರಾಂಶಗಳಿಗೆ ನಮ್ಮ ಒತ್ತಕ್ಷರಗಳ ಮರ್ಮ ತಿಳಿಯದು. 'ಲಕ್ಷ್ಮಿ' ಎಂದು ಒತ್ತಿದರೆ ಲ, ಕ, ಷ, ಮಗಳು ಜಗಳವಾಡಿದ ಅಣ್ಣತಮ್ಮಂದಿರಂತೆ ಬೇರೆ ಬೇರೆ ನಿಲ್ಲುತ್ತವೆ. ಆದುದರಿಂದ ಕೈಬರಹವೇ ಕ್ಷೇಮ. ಮೀನಿನವಳು ಕೂಗಿದರೆ ಅಕ್ಷರವೂ ಹಿಗ್ಗುತ್ತದೆ. ಕಾಗೆ ಹೆದರಿದರೆ ಕೊಂಬುದೀರ್ಘಗಳೂ ನಡುಗುತ್ತವೆ.

ಆ ನಡುಗುವ ಅಕ್ಷರಗಳನ್ನು ನೋಡುತ್ತ ಕುಳಿತಾಗ, ಈ ಊರಿನಲ್ಲಿಯೇ ಹಿಂದೊಮ್ಮೆ ಹೀಗೆ ಕೈಯಿಂದ ಅಕ್ಷರ ಬರೆದು ಅಚ್ಚುಹಾಕಿದ್ದರೆಂಬುದು ನೆನಪಾಯಿತು. 1843ರ ಜುಲೈ 1ರಂದು ಹರ್ಮನ್ ಮೋಗ್ಲಿಂಗ್ ಅವರು ಕನ್ನಡದ ಮೊದಲ ಪತ್ರಿಕೆಯಾದ 'ಮಂಗಳೂರ ಸಮಾಚಾರ'ವನ್ನು ಇಲ್ಲಿಂದ ಹೊರಡಿಸಿದುದು ವಾಚಕರಿಗೆ ತಿಳಿದೇ ಇದೆ. ಅದು ಅಚ್ಚಾದುದು ಮೊಳೆಗಳಿಂದಲ್ಲ, ಕಲ್ಲಿನಿಂದ. ನಯವಾದ ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಮಸಿಯಿಂದ ಬರೆದು, ಕಲ್ಲನ್ನು ಒದ್ದೆಮಾಡಿ, ಮಸಿಯ ಉರುಳೆಯನ್ನು ಹಾಯಿಸಿದರೆ, ನೀರು ಹೀರಿದ ಜಾಗ ಮಸಿಯನ್ನು ಒಲ್ಲದು; ಜಿಡ್ಡಿನ ಗೆರೆ ಮಾತ್ರ ಹಿಡಿದುಕೊಳ್ಳುತ್ತದೆ. ಅದೇ ಕಲ್ಲಚ್ಚು. ಈ ವಿಧಾನದಲ್ಲಿ ಅಕ್ಷರವೂ ಚಿತ್ರವೇ. ಕೈ ಬರೆದುದನ್ನೆಲ್ಲ ಕಲ್ಲು ಭೇದವೆಣಿಸದೆ ಸ್ವೀಕರಿಸುತ್ತದೆ. 1851ರಲ್ಲಿ ಬಂದ ಪ್ಲೆಬ್ಸ್ಟ್ ಎಂಬವರು ಬಾಸೆಲ್ ಮಿಶನ್ ಮುದ್ರಣಾಲಯಕ್ಕೆ ಅಂದವಾದ ಕನ್ನಡದ ಮೊಳೆಗಳನ್ನು ತಂದರು. 1865ರಲ್ಲಿ ಮಂಗಳೂರಿನ ಮೊದಲ ಹಂಚಿನ ಕಾರ್ಖಾನೆಯನ್ನು ಆರಂಭಿಸಿದವರೂ ಇವರೇ. ಮೊಳೆಗಳಿಂದ ಮುದ್ರಣ ಸುಲಭವಾಯಿತು, ಪುಸ್ತಕ ಅಗ್ಗವಾಯಿತು. ಆದರೆ ಅಕ್ಷರಕ್ಕೆ ಸೀಸದ ಮೊಳೆ, ಚಿತ್ರಕ್ಕೆ ಬೇರೆಯೇ ಬ್ಲಾಕು. ಅಕ್ಷರ ಜೋಡಿಸುವವನೊಬ್ಬ, ಚಿತ್ರ ಬರೆಯುವವನೊಬ್ಬ. ಒಂದೇ ಕಲ್ಲಿನ ಮೇಲೆ ಕೂಡಿಬಾಳಿದ ಇಬ್ಬರು ಬೇರೆ ಮನೆ ಮಾಡಿದರು. ಕಾವ್ಯದ ತರಗತಿಯಲ್ಲಿ ಚಿತ್ರಗಾರಿಕೆ ಸಲ್ಲದೆಂದು ನಾನು ಕೆಂಪು ಶಾಯಿಯಲ್ಲಿ ಬರೆದೆನಲ್ಲ, ಅದು ಸೀಸದ ಕಾಲದ ಬುದ್ಧಿ! ಈ ಹುಡುಗಿಯ ಗಾಜಿನ ಹಲಗೆ ಮತ್ತೆ ಕಲ್ಲಾಗಿದ್ದಿತು.

ಇಷ್ಟು ಹೊತ್ತು ಸಂತೋಷವಾಗಿ ಮಾತನಾಡಿದ ಆಕೆ ಆಮೇಲೆ ಸ್ವಲ್ಪ ತಡೆದು, "ನಿಮ್ಮ ಹತ್ತಿರ ಒಂದು ವಿಷಯ ಕೇಳ್ಲಿಕ್ಕುಂಟು ಸರ್" ಎಂದಳು. ಪರಊರಿನ ಒಂದು ಸಂಸ್ಥೆ ಆಕೆಯ ಮೀನಿನವಳನ್ನೂ ಕಾಗೆಯನ್ನೂ ಮೆಚ್ಚಿ, ವರ್ಷದ ಕರಾರಿಗೆ ಕರೆದಿದ್ದಿತು. ಸಂಬಳ ಈಗಿನದಕ್ಕಿಂತ ಮೇಲು. ಷರತ್ತು ಒಂದೇ: ಇಬ್ಬರೂ ಇನ್ನು ಮುಂದೆ ಇಂಗ್ಲಿಷಿನಲ್ಲಿ ಮಾತ್ರ ಮಾತನಾಡತಕ್ಕದ್ದು. ಉತ್ತರ ಹೇಳಲು ಎರಡೇ ದಿನಗಳು ಉಳಿದಿದ್ದವು. ಒಂದೇ ಚಿತ್ರವನ್ನು ಎರಡು ಭಾಷೆಗಳಲ್ಲಿಯೂ ಪ್ರಕಟಿಸಿ ನೋಡಿದ್ದಳಂತೆ. ಇಂಗ್ಲಿಷಿನದಕ್ಕೆ ಓದುಗರು ಹಲವು ಪಾಲು ಹೆಚ್ಚು. ತಮ್ಮನ ಓದು ಮುಗಿದಿಲ್ಲ, ಮನೆಯ ಸಾಲ ತೀರಿಲ್ಲ.

ನನ್ನ ನಾಲಗೆಯ ತುದಿಗೆ ಒಂದು ಭಾಷಣವೇ ಬಂದಿದ್ದಿತು. ರಾಜ್ಯೋತ್ಸವದ ವೇದಿಕೆಗಳಲ್ಲಿ ಅದನ್ನು ನಾನು ಹಲವು ಸಲ ಮಾಡಿ ಚಪ್ಪಾಳೆ ಗಿಟ್ಟಿಸಿದ್ದೇನೆ. ಆದರೆ ಕನ್ನಡದ ಹೆಸರಿನಲ್ಲಿಯೇ ಆಕೆಯ ಕೈಯಿಂದ ಪುಸ್ತಕ ಕಸಿದವನು ನಾನು. ಈಗ ಕನ್ನಡದ ಹೆಸರಿನಲ್ಲಿ ಆಕೆಯ ಅನ್ನವನ್ನು ತಡೆಯಲು ನನಗಾವ ಅಧಿಕಾರ? ಭಾಷಣವನ್ನು ನುಂಗಿಕೊಂಡು, ನನಗೆ ತಿಳಿದ ಒಂದು ಸಂಗತಿಯನ್ನು ಹೇಳಿದೆ.

ಉರ್ವದಿಂದ ಐವತ್ತು ಕಿಲೋಮೀಟರಿನಷ್ಟು ದೂರದ ಕಾರ್ಕಳದಲ್ಲಿ 1929ರಲ್ಲಿ ಜನಿಸಿದ ಅನಂತ ಪೈ ಅವರನ್ನು ಅರಿಯದವರಿಲ್ಲ. ಚಿಕ್ಕಂದಿನಲ್ಲಿಯೇ ತಂದೆತಾಯಿಗಳನ್ನು ಕಳೆದುಕೊಂಡು ಮುಂಬಯಿಗೆ ಹೋದ ಅವರು 1967ರಲ್ಲಿ 'ಅಮರ ಚಿತ್ರ ಕಥಾ' ಮಾಲೆಯನ್ನು ಕಟ್ಟಿ, 1980ರಲ್ಲಿ 'ಟಿಂಕಲ್' ಆರಂಭಿಸಿ, ದೇಶದ ಮಕ್ಕಳಿಗೆ 'ಅಂಕಲ್ ಪೈ' ಆದರು. ಆ ಮಾಲೆಯ ಇಂಗ್ಲಿಷ್ ಪುಸ್ತಕಗಳ ಎಣಿಕೆ ಒಂದರಿಂದಲ್ಲ, ಹನ್ನೊಂದರಿಂದ ಆರಂಭವಾಗುತ್ತದೆ, ಹನ್ನೊಂದನೆಯದು 'ಕೃಷ್ಣ'. ಮೊದಲ ಹತ್ತು ಎಲ್ಲಿ? ಬೆಂಗಳೂರಿನ ಜಿ.ಕೆ. ಅನಂತರಾಮ್ ಅವರು ಹೇಳಿರುವಂತೆ ಅವು 1965ರಲ್ಲಿ ಕನ್ನಡದಲ್ಲಿ ಬಂದವು; ಅವು ಚೆನ್ನಾಗಿ ಮಾರಾಟವಾದುದನ್ನು ಕಂಡ ಮೇಲೆಯೇ ಮುಂಬಯಿಯ ಪ್ರಕಾಶಕರು ಇಂಗ್ಲಿಷಿಗೆ ಕೈಹಾಕಿದರು. ಎಂದ ಮೇಲೆ ಕನ್ನಡದಲ್ಲಿ ಚಿತ್ರಕಥೆ ನಡೆಯದೆಂಬುದು ಸಿದ್ಧಾಂತವೇನೂ ಅಲ್ಲ. ನಡೆದ ಇತಿಹಾಸ ಅದಕ್ಕೆ ವಿರುದ್ಧವಾಗಿದೆ.

"ಹಾಗಾದರೆ ನಾನು ಬೇಡ ಎನ್ನಬೇಕಾ ಸರ್?" ಎಂದು ಆಕೆ ಕೇಳಿದಳು. "ಹಾಗೆ ನಾನು ಹೇಳಲಾರೆ" ಎಂದೆ. ಅನಂತರ ಚೀಲದಿಂದ ನೋಟುಪುಸ್ತಕವನ್ನು ತೆಗೆದು ಮೇಜಿನ ಮೇಲಿಟ್ಟೆ. ಆಕೆ ಬಹಳ ಹೊತ್ತು ಪುಟ ಮಗುಚಿದಳು. ಉತ್ತರಕುಮಾರನ ಪುಟ ಬಂದಾಗ ನನ್ನ ಮೂಗನ್ನೊಮ್ಮೆ, ಚಿತ್ರದ ಮೂಗನ್ನೊಮ್ಮೆ ನೋಡಿದಳು. ಕೆಂಪು ಶಾಯಿಯ ಸಾಲಿನ ಕೆಳಗೆ ನಾನು ಹಿಂದಿನ ರಾತ್ರಿಯೇ ನೀಲಿ ಶಾಯಿಯಲ್ಲಿ, "ಮೇಲಿನ ವಾಕ್ಯ ತಪ್ಪು" ಎಂದು ಬರೆದು ಸಹಿ ಹಾಕಿದ್ದೆ. ಅದನ್ನು ಓದಿ ಏನೂ ಹೇಳದೆ ಪುಸ್ತಕವನ್ನು ಎದೆಗೊತ್ತಿಕೊಂಡು ಒಳಗೆ ಹೋದಳು. ತಾಯಿ ಬೆಲ್ಲದ ಪಾನಕ ತಂದುಕೊಟ್ಟರು.

ಸಂಜೆಗೆ ಬೀಳ್ಕೊಂಡು, ಬೋಳೂರಿನ ಮೂಲಕ ಸುಲ್ತಾನ್ ಬತ್ತೇರಿಯವರೆಗೆ ನಡೆದೆ. ಗುರುಪುರ ನದಿಗೆ ಯುದ್ಧದ ಹಡಗುಗಳು ನುಗ್ಗದಂತೆ ಟಿಪ್ಪು ಸುಲ್ತಾನ 1784ರಲ್ಲಿ ಕಟ್ಟಿಸಿದ ಕಪ್ಪುಕಲ್ಲಿನ ಕಾವಲುಗೋಪುರ ಅದು. ನದಿಯಾಚೆ ತಣ್ಣೀರುಬಾವಿಯ ಮರಗಳು. ಅವುಗಳ ಹಿಂದೆ ಮುಳುಗುತ್ತಿದ್ದ ಸೂರ್ಯ. ಮೆಟ್ಟಿಲ ಮೇಲೆ ಕುಳಿತು, ಮೊಬೈಲಿನಲ್ಲಿ ಮೀನಿನವಳ ಹಳೆಯ ಕಥೆಗಳನ್ನು ಒಂದೊಂದಾಗಿ ಓದತೊಡಗಿದೆ. ಪಕ್ಕದಲ್ಲಿ ತಂದೆಯೊಡನೆ ಕುಳಿತಿದ್ದ ಎಂಟೊಂಬತ್ತು ವರ್ಷದ ಹುಡುಗನೊಬ್ಬ ಮೆಲ್ಲನೆ ನನ್ನ ತೋಳಿನ ಬಳಿಗೆ ಸರಿದು ಇಣುಕಿದ. ತಂದೆ ಸಂಕೋಚದಿಂದ, "ಇವನದು ಇಂಗ್ಲಿಷ್ ಮೀಡಿಯಂ ಸರ್. ಕನ್ನಡ ಓದು ಅಂದರೆ ಓಡುತ್ತಾನೆ. ನಾವೆಲ್ಲ ಸಣ್ಣದಿರುವಾಗ ಬಾಲಮಂಗಳಕ್ಕಾಗಿ ಜಗಳ ಮಾಡುತ್ತಿದ್ದೆವು. ಅದರಲ್ಲಿ ಡಿಂಗ ಅಂತ ಒಂದು ಇಲಿ ಬರುತ್ತಿತ್ತು, ನಿಮಗೆ ಗೊತ್ತುಂಟಾ?" ಎಂದರು. 1983ರಲ್ಲಿ ಮಲಯಾಳದ ಬಾಲಮಂಗಳಂ ಪತ್ರಿಕೆಯಲ್ಲಿ ಹುಟ್ಟಿ, ಗಡಿದಾಟಿ ಕನ್ನಡಕ್ಕೆ ಬಂದ ಆ ಇಲಿ ಒಂದು ತಲೆಮಾರಿಗೇ ಕನ್ನಡ ಓದಿಸಿತು. ಆ ಪತ್ರಿಕೆ ಈಗ ಬರುವುದಿಲ್ಲ.

ನಾವು ಹೀಗೆ ಮಾತನಾಡುತ್ತಿರುವಾಗಲೇ ಹುಡುಗ ಬೆರಳಿಟ್ಟು ಅಕ್ಷರಗಳನ್ನು ಕೂಡಿಸುತ್ತಿದ್ದ. "ಎಂ… ತ… ಮಾ… ರಾ… ಯಾ" ಎಂದು ನಿಧಾನವಾಗಿ ಓದಿ ಮುಗಿಸಿ, ಒಂದು ಕ್ಷಣ ಸುಮ್ಮನಿದ್ದು, ಕೇಕೆ ಹಾಕಿ ನಕ್ಕ. "ಪಪ್ಪ, ಇದು ನಮ್ಮ ಅಜ್ಜಿ ಹೇಳುವ ಹಾಗೆಯೇ ಉಂಟು!" ಎಂದ. ಮತ್ತೊಂದು ಕಥೆ ತೋರಿಸಲು ಕೇಳಿದ. ಕತ್ತಲಾಗುವವರೆಗೆ ಒಂಬತ್ತು ಕಥೆಗಳನ್ನು ಓದಿದ. ಶಾಲೆಯ ಪುಸ್ತಕದ ಕನ್ನಡ ಅವನಿಗೆ ಪರೀಕ್ಷೆಯ ವಿಷಯ. ಇಲ್ಲಿ ಅದು ಮನೆಯವರ ದನಿಯಾಗಿ ಕೇಳಿಸಿತು. ನಾನು ತಿದ್ದಲು ಹೊರಟ ಆ "ಉಂಟಾ ಇಲ್ವಾ" ಮಾಡಿದ ಕೆಲಸವನ್ನು ನನ್ನ ಶಿಷ್ಟರೂಪ ಮಾಡುತ್ತಿರಲಿಲ್ಲವೆಂಬುದನ್ನು ಒಪ್ಪಿಕೊಳ್ಳಲೇಬೇಕು.

ಆ ರಾತ್ರಿ ಈ ಹುಡುಗನ ಸಂಗತಿಯನ್ನಷ್ಟೇ ಆಕೆಗೆ ಬರೆದು ಕಳುಹಿಸಿದೆ. ಸಲಹೆಯನ್ನೇನೂ ಸೇರಿಸಲಿಲ್ಲ. ಮಂಗಳವಾರ ಉತ್ತರ ಬಂದಿತು: "ಕೆಲಸಕ್ಕೆ ಒಪ್ಪಿದೆ ಸರ್. ಆದರೆ ಮೀನಿನವಳನ್ನೂ ಕಾಗೆಯನ್ನೂ ಕೊಡಲಿಲ್ಲ. ಅವರಿಗೆ ಇಂಗ್ಲಿಷಿನಲ್ಲಿ ಮಾತನಾಡುವ ಬೇರೆ ಯಾರನ್ನಾದರೂ ಬರೆದುಕೊಡುತ್ತೇನೆ ಎಂದೆ. ಸಂಬಳ ಸ್ವಲ್ಪ ಕಡಿಮೆ ಮಾಡಿದರು. ತೊಂದರೆಯಿಲ್ಲ." ಹಗಲು ಅವರ ಕೆಲಸ, ರಾತ್ರಿ ತನ್ನದು. ಇದು ಎಷ್ಟು ದಿನ ನಡೆಯುವುದೋ ಬಲ್ಲವರಾರು? ದೇಹಕ್ಕೂ ಒಂದು ಮಿತಿಯುಂಟು. ನಮ್ಮ ಮನೆಗಳಲ್ಲಿ ಮಕ್ಕಳ ಕೈಗೆ ಮೊಬೈಲು ಕೊಡುವವರು ಇಂಥ ಚಿತ್ರಕಥೆಗಳನ್ನೂ ಹುಡುಕಿ ತೋರಿಸಿದರೆ, ಕನ್ನಡದಲ್ಲಿ ಬರೆಯುವ ಹತ್ತಾರು ಕೈಗಳಿಗೆ ರಾತ್ರಿಯ ಬದಲು ಹಗಲು ದೊರೆತೀತು.

ಕಳೆದ ಭಾನುವಾರದ ಕಥೆಯನ್ನು ನನ್ನ ತರಗತಿಯ ಹುಡುಗರೇ ತಂದು ತೋರಿಸಿದರು. ಮೊದಲ ಚೌಕದಲ್ಲಿ, ದೊಡ್ಡ ಮೂಗಿನ, ಕನ್ನಡಕದ ಒಬ್ಬ ಮನುಷ್ಯ ಬಸ್ಸಿನಿಂದಿಳಿದು, ತಂತಿಯ ಮೇಲಿನ ಕಾಗೆಯನ್ನು ಕೈಮುಗಿದು ಕೇಳುತ್ತಾನೆ: "ಮಾನ್ಯರೇ, ಇದು ಉರ್ವವೇ, ಅಥವಾ ಉರ್ವ ಸ್ಟೋರೇ?" ಎರಡನೆಯದರಲ್ಲಿ ಕಾಗೆ ಯೋಚಿಸುತ್ತದೆ. ಮೂರನೆಯದರಲ್ಲಿ, "ಯಾವುದಾದರೂ ಆಗಬಹುದು" ಎನ್ನುತ್ತದೆ. ಕೊನೆಯದರಲ್ಲಿ, ತೆಂಗಿನಕಾಯಿ. ಅದರ ಪಕ್ಕದಲ್ಲಿ ದಪ್ಪಕ್ಷರಗಳಲ್ಲಿ, ಒತ್ತು ಸ್ವಸ್ಥಾನದಲ್ಲಿಯೇ ನಿಂತು, "ದೊಪ್ಪ!"

ಹುಡುಗರು ನನ್ನ ಮುಖವನ್ನು ನೋಡುತ್ತ ನಿಂತಿದ್ದರು. "ಅನುಕರಣಾವ್ಯಯಕ್ಕೆ ಒಂದು ಉದಾಹರಣೆ; ಬರೆದುಕೊಳ್ಳಿ" ಎಂದೆ.